ಹೃದಯ ಮತ್ತು ರಕ್ತನಾಳಗಳ ಸಾಮಾನ್ಯ ಕಾಯಿಲೆಗಳು: ಶುಶ್ರೂಷೆ, ನಿರ್ವಹಣೆ ಮತ್ತು ಲಭ್ಯವಿರುವ ಸೌಲಭ್ಯಗಳು

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಹೃದಯ ಮತ್ತು ರಕ್ತನಾಳಗಳಿಗೆ ಸಂಬಂಧಿಸಿದ ಕಾಯಿಲೆಗಳು ಇಂದು ನಗರವಾಸಿಗಳಿಗಾಗಲೀ ವಯೋವೃದ್ಧರಿಗಾಗಲೀ ಸೀಮಿತವಾಗಿ ಉಳಿದಿಲ್ಲ. 2025ರ ಮಧ್ಯಭಾಗದಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳು ಒಂದರ ಹಿಂದೆ ಒಂದರಂತೆ ವರದಿಯಾದಾಗ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನರು ಸಾಲುಗಟ್ಟಿ ನಿಂತಿದ್ದರು. ಆ ಆತಂಕವು ಸಹಜವಾದುದೇ ಆಗಿದೆ. ಆದರೆ ಒಂದು ದಿನದ ತಪಾಸಣೆಯಿಂದ ದೊರೆಯುವ ರಕ್ಷಣೆಗಿಂತ, ಪ್ರತಿದಿನದ ಎಚ್ಚರಿಕೆಯಿಂದ ದೊರೆಯುವ ರಕ್ಷಣೆ ಹೆಚ್ಚಿನದು.

ಈ ಕಾಯಿಲೆಗಳ ಪೈಕಿ ಬಹುಪಾಲು ಒಮ್ಮೆ ಚಿಕಿತ್ಸೆ ಪಡೆದು ಮರೆತುಬಿಡುವಂತಹವಲ್ಲ. ರೋಗಿಯು ವೈದ್ಯರ ಎದುರಿನಲ್ಲಿರುವುದು ವರ್ಷಕ್ಕೆ ಕೆಲವೇ ಗಂಟೆಗಳು. ಉಳಿದ ಎಲ್ಲಾ ದಿನಗಳಲ್ಲಿ ಆತನ ಆರೋಗ್ಯವು ಶುಶ್ರೂಷಾಧಿಕಾರಿಗಳು ಹೇಳಿಕೊಟ್ಟ ಕ್ರಮಗಳನ್ನು ಮನೆಯವರು ಎಷ್ಟರ ಮಟ್ಟಿಗೆ ಪಾಲಿಸುತ್ತಾರೆ ಎಂಬುದನ್ನು ಅವಲಂಬಿಸಿರುತ್ತದೆ. ಈ ಪುಟದಲ್ಲಿ ಸಾಮಾನ್ಯವಾಗಿ ಕಂಡುಬರುವ ಕಾಯಿಲೆಗಳ ಲಕ್ಷಣಗಳು, ಆಸ್ಪತ್ರೆಯಲ್ಲಿ ಹಾಗೂ ಮನೆಯಲ್ಲಿ ನೀಡಬೇಕಾದ ಶುಶ್ರೂಷೆ ಮತ್ತು ಸರ್ಕಾರದ ಸೌಲಭ್ಯಗಳನ್ನು ಪಡೆಯುವ ವಿಧಾನವನ್ನು ವಿವರಿಸಲಾಗಿದೆ.

1. ಹೃದಯ ಮತ್ತು ರಕ್ತನಾಳಗಳ ಕಾರ್ಯ

ಹೃದಯವು ನಾಲ್ಕು ಕೋಣೆಗಳುಳ್ಳ ಸ್ನಾಯುವಿನ ಪಂಪು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು ನಿಮಿಷಕ್ಕೆ 60ರಿಂದ 100 ಬಾರಿ ಬಡಿದು, ಸುಮಾರು 5 ಲೀಟರ್ ರಕ್ತವನ್ನು ದೇಹದಾದ್ಯಂತ ಹರಿಸುತ್ತದೆ. ಹೃದಯದಿಂದ ರಕ್ತವನ್ನು ಕೊಂಡೊಯ್ಯುವ ನಾಳಗಳು ಅಪಧಮನಿಗಳು. ಹೃದಯಕ್ಕೆ ರಕ್ತವನ್ನು ಮರಳಿಸುವ ನಾಳಗಳು ಅಭಿಧಮನಿಗಳು. ಕೋಣೆಗಳ ನಡುವೆ ಇರುವ ಕವಾಟಗಳು ರಕ್ತವು ಹಿಮ್ಮುಖವಾಗಿ ಹರಿಯದಂತೆ ತಡೆಯುತ್ತವೆ. ಹೃದಯದ ಸ್ನಾಯುವಿಗೇ ರಕ್ತವನ್ನು ಒದಗಿಸುವ ಪ್ರತ್ಯೇಕ ಅಪಧಮನಿಗಳೂ ಇವೆ. ಈ ವ್ಯವಸ್ಥೆಯ ಯಾವ ಭಾಗದಲ್ಲಿ ತೊಂದರೆಯಾಗಿದೆ ಎಂಬುದರ ಮೇಲೆ ಕಾಯಿಲೆಯ ಸ್ವರೂಪ ಮತ್ತು ಶುಶ್ರೂಷೆಯ ಕ್ರಮ ನಿರ್ಧಾರವಾಗುತ್ತದೆ.

2. ಅಧಿಕ ರಕ್ತದೊತ್ತಡ

ಬೇರೆ ಬೇರೆ ದಿನಗಳಲ್ಲಿ ಅಳತೆ ಮಾಡಿದಾಗಲೂ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅದನ್ನು ಅಧಿಕ ರಕ್ತದೊತ್ತಡ ಎನ್ನಲಾಗುತ್ತದೆ. ಜನರು ಇದನ್ನು ಸಾಮಾನ್ಯವಾಗಿ 'ಬಿ.ಪಿ.' ಎಂದು ಕರೆಯುತ್ತಾರೆ. ಇದರಲ್ಲಿ ನೋವಿಲ್ಲ, ಜ್ವರವಿಲ್ಲ, ಬಹುತೇಕರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಇದೇ ಈ ಕಾಯಿಲೆಯ ಅಪಾಯ. ವರ್ಷಗಟ್ಟಲೆ ಮೌನವಾಗಿದ್ದು ಹೃದಯ, ಮೆದುಳು, ಮೂತ್ರಪಿಂಡ ಮತ್ತು ಕಣ್ಣುಗಳಿಗೆ ಹಾನಿ ಮಾಡಿದ ನಂತರವೇ ಅದು ಬೆಳಕಿಗೆ ಬರಬಹುದು. ಆದುದರಿಂದ 30 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.

ಸರಿಯಾದ ಅಳತೆಗೆ ಅನುಸರಿಸಬೇಕಾದ ಕ್ರಮಗಳು:

• ಅಳತೆಗೆ ಅರ್ಧ ಗಂಟೆ ಮೊದಲು ಕಾಫಿ, ಚಹಾ, ಬೀಡಿ ಅಥವಾ ಸಿಗರೇಟು ಸೇವಿಸಿರಬಾರದು.
• ಮೂತ್ರ ವಿಸರ್ಜನೆ ಮಾಡಿ, 5 ನಿಮಿಷ ಮೌನವಾಗಿ ಕುಳಿತು ವಿಶ್ರಾಂತಿ ಪಡೆದಿರಬೇಕು.
• ಬೆನ್ನಿಗೆ ಆಸರೆ ಇರಬೇಕು, ಪಾದಗಳು ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಹಾಕಿ ಕೂರಬಾರದು.
• ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲೆ ಇರಿಸಿ, ಪಟ್ಟಿಯನ್ನು ಬರಿ ತೋಳಿಗೆ ಸುತ್ತಬೇಕು. ದಪ್ಪ ಬಟ್ಟೆಯ ಮೇಲೆ ಸುತ್ತಬಾರದು.
• ಒಂದೆರಡು ನಿಮಿಷಗಳ ಅಂತರದಲ್ಲಿ ಎರಡು ಬಾರಿ ಅಳತೆ ಮಾಡಿ, ದಿನಾಂಕ ಸಹಿತ ಬರೆದಿಡಬೇಕು.

ಮಾತ್ರೆ ಸೇವಿಸುತ್ತಿರುವಾಗ ರಕ್ತದೊತ್ತಡ ಸಾಮಾನ್ಯ ಮಟ್ಟದಲ್ಲಿದ್ದರೆ, ಕಾಯಿಲೆ ವಾಸಿಯಾಗಿದೆ ಎಂದು ಭಾವಿಸಿ ಮಾತ್ರೆ ನಿಲ್ಲಿಸುವವರು ಅನೇಕರಿದ್ದಾರೆ. ವಾಸ್ತವದಲ್ಲಿ ಮಾತ್ರೆಯು ಕೆಲಸ ಮಾಡುತ್ತಿರುವುದರಿಂದಲೇ ಒತ್ತಡವು ಹತೋಟಿಯಲ್ಲಿರುತ್ತದೆ. ಮಾತ್ರೆಯಿಂದ ಪಾದಗಳಲ್ಲಿ ಊತ, ಒಣಕೆಮ್ಮು ಅಥವಾ ಎದ್ದು ನಿಂತಾಗ ತಲೆಸುತ್ತು ಕಂಡುಬಂದರೆ, ತಾನಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಬೇರೆ ಮಾತ್ರೆ ನೀಡಲು ಅವಕಾಶವಿದೆ. ಗರ್ಭ ಧರಿಸಿರುವ ಅಥವಾ ಧರಿಸಲು ಬಯಸುವ ಮಹಿಳೆಯರು ಈ ವಿಷಯವನ್ನು ಕಡ್ಡಾಯವಾಗಿ ತಿಳಿಸತಕ್ಕದ್ದು. ಕೆಲವು ರಕ್ತದೊತ್ತಡದ ಮಾತ್ರೆಗಳು ಗರ್ಭಸ್ಥ ಶಿಶುವಿಗೆ ಹಾನಿಕರವಾಗಿವೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರೊಬ್ಬರ ಉಪ್ಪಿನ ಸೇವನೆ ದಿನಕ್ಕೆ 5 ಗ್ರಾಂಗಿಂತ, ಅಂದರೆ ಸುಮಾರು ಒಂದು ಟೀ ಚಮಚಕ್ಕಿಂತ, ಕಡಿಮೆ ಇರಬೇಕು. ಅಡುಗೆಗೆ ಹಾಕಿದ ಉಪ್ಪು ಮಾತ್ರವಲ್ಲದೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಣಮೀನು, ಚಟ್ನಿಪುಡಿ ಹಾಗೂ ಬೇಕರಿ ತಿನಿಸುಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಊಟಕ್ಕೆ ಕುಳಿತಾಗ ಎಲೆಯ ತುದಿಗೆ ಉಪ್ಪು ಬಡಿಸುವ ರೂಢಿಯನ್ನು ರೋಗಿಯ ಮಟ್ಟಿಗೆ ಕೈಬಿಡಬೇಕು. ಮೂತ್ರಪಿಂಡದ ತೊಂದರೆ ಇರುವವರು ಸೋಡಿಯಂ ಕಡಿಮೆ ಇರುವ ಬದಲಿ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ.

3. ಎದೆನೋವು ಮತ್ತು ಹೃದಯಾಘಾತ

ಹೃದಯದ ಅಪಧಮನಿಯು ಕೊಬ್ಬಿನ ಶೇಖರಣೆಯಿಂದ ಕಿರಿದಾದಾಗ, ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಬಿಗಿತ ಕಾಣಿಸಿಕೊಂಡು, ನಿಂತರೆ ಕೆಲವೇ ನಿಮಿಷಗಳಲ್ಲಿ ಕಡಿಮೆಯಾಗುತ್ತದೆ. ಇದು ಆಂಜೈನಾ. ಕಿರಿದಾದ ಸ್ಥಳದಲ್ಲಿ ರಕ್ತ ಹೆಪ್ಪುಗಟ್ಟಿ ನಾಳವು ಪೂರ್ಣವಾಗಿ ಮುಚ್ಚಿಕೊಂಡರೆ, ರಕ್ತ ದೊರೆಯದ ಸ್ನಾಯುವು ಸಾಯಲಾರಂಭಿಸುತ್ತದೆ. ಇದೇ ಹೃದಯಾಘಾತ. ಹೀಗೆ ಸತ್ತ ಸ್ನಾಯುವು ಮತ್ತೆ ಬೆಳೆಯುವುದಿಲ್ಲ. ಆದುದರಿಂದ ಇಲ್ಲಿ ಪ್ರತಿ ನಿಮಿಷವೂ ಅಮೂಲ್ಯ.

ಹೃದಯಾಘಾತದ ಲಕ್ಷಣಗಳು:

• ಎದೆಯ ಮಧ್ಯಭಾಗದಲ್ಲಿ ಭಾರ ಹೇರಿದಂತೆ ಅಥವಾ ಹಿಂಡಿದಂತೆ ನೋವು. ಎಡತೋಳು, ಭುಜ, ಕುತ್ತಿಗೆ, ದವಡೆ ಅಥವಾ ಬೆನ್ನಿಗೆ ಅದು ಹರಡುವುದು.
• ತಣ್ಣನೆಯ ಬೆವರು, ಉಸಿರಾಟದ ತೊಂದರೆ, ವಾಕರಿಕೆ, ತಲೆಸುತ್ತು.
• ಮಹಿಳೆಯರು, ವಯೋವೃದ್ಧರು ಹಾಗೂ ಮಧುಮೇಹಿಗಳಲ್ಲಿ ಎದೆನೋವೇ ಇಲ್ಲದೆ ಕೇವಲ ವಿಪರೀತ ಸುಸ್ತು, ಉಸಿರುಗಟ್ಟುವಿಕೆ ಅಥವಾ ಹೊಟ್ಟೆಯ ಮೇಲ್ಭಾಗದ ಸಂಕಟ.

'ಗ್ಯಾಸ್ಟ್ರಿಕ್ ಇರಬಹುದು' ಎಂದು ಸೋಡಾ, ಓಮದ ನೀರು ಅಥವಾ ಜೀರಿಗೆ ಕಷಾಯ ಕುಡಿದು ಬೆಳಗಾಗುವವರೆಗೆ ಕಾಯುವುದರಿಂದ ಅಮೂಲ್ಯ ಸಮಯ ನಷ್ಟವಾಗುತ್ತದೆ. ಮೇಲ್ಕಂಡ ಲಕ್ಷಣಗಳು ಕಂಡುಬಂದಲ್ಲಿ ನೋವಿನ ಕಾರಣವನ್ನು ಮನೆಯಲ್ಲಿ ನಿರ್ಧರಿಸಲು ಪ್ರಯತ್ನಿಸದೆ, ಇ.ಸಿ.ಜಿ. ಮಾಡಿಸಬೇಕು.

ತಕ್ಷಣ ಕೈಗೊಳ್ಳಬೇಕಾದ ಕ್ರಮಗಳು:

(ಅ) 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಕರೆಸಿಕೊಳ್ಳಬೇಕು. ರೋಗಿಯು ತಾನೇ ವಾಹನ ಚಲಾಯಿಸಿಕೊಂಡು ಹೋಗಬಾರದು.
(ಆ) ರೋಗಿಯನ್ನು ಒರಗಿಸಿ ಕೂರಿಸಿ, ಬಿಗಿಯಾದ ಉಡುಪನ್ನು ಸಡಿಲಗೊಳಿಸಬೇಕು. ನಡೆಸಬಾರದು, ಮೆಟ್ಟಿಲು ಹತ್ತಿಸಬಾರದು.
(ಇ) ಆಸ್ಪಿರಿನ್ ಒಗ್ಗದವರು ಹಾಗೂ ರಕ್ತಸ್ರಾವದ ತೊಂದರೆ ಇರುವವರನ್ನು ಹೊರತುಪಡಿಸಿ, ಉಳಿದವರು ವೈದ್ಯರ ಅಥವಾ ತುರ್ತು ಸಿಬ್ಬಂದಿಯ ಸಲಹೆಯಂತೆ 300 ಮಿಲಿಗ್ರಾಂ ಆಸ್ಪಿರಿನ್ ಅನ್ನು ಅಗಿದು ನುಂಗಬಹುದು.
(ಈ) ನಾಲಿಗೆಯ ಕೆಳಗೆ ಇಡುವ ಮಾತ್ರೆಯನ್ನು ಅದನ್ನು ವೈದ್ಯರು ಬರೆದುಕೊಟ್ಟವರು ಮಾತ್ರ, ಕುಳಿತುಕೊಂಡು ಬಳಸಬೇಕು. ನೆರೆಮನೆಯವರ ಮಾತ್ರೆಯನ್ನು ಪಡೆದು ಇಡಬಾರದು. ರಕ್ತದೊತ್ತಡ ಕಡಿಮೆ ಇರುವವರಿಗೂ ಲೈಂಗಿಕ ದೌರ್ಬಲ್ಯಕ್ಕೆ ಮಾತ್ರೆ ಸೇವಿಸಿರುವವರಿಗೂ ಇದರಿಂದ ಪ್ರಾಣಾಪಾಯವಾಗಬಹುದು.
(ಉ) ರೋಗಿಯು ಪ್ರಜ್ಞೆ ತಪ್ಪಿ, ಸಹಜವಾಗಿ ಉಸಿರಾಡದೆ ಇದ್ದಲ್ಲಿ, ಗಟ್ಟಿಯಾದ ನೆಲದ ಮೇಲೆ ಮಲಗಿಸಿ ಎದೆಯ ಮಧ್ಯಭಾಗವನ್ನು ಎರಡೂ ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿಯಂತೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಸಹಾಯ ಬರುವವರೆಗೆ ಇದನ್ನು ನಿಲ್ಲಿಸಬಾರದು.

ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಲಕ್ಷಣಗಳು ಆರಂಭವಾದ 12 ಗಂಟೆಗಳೊಳಗೆ ನೀಡಿದಲ್ಲಿ ಉಪಯುಕ್ತ. ಮೊದಲ ಕೆಲವು ಗಂಟೆಗಳಲ್ಲಿ ನೀಡಿದಲ್ಲಿ ಅತ್ಯಂತ ಪರಿಣಾಮಕಾರಿ. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ಹಿಂದೆ ಮೆದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಅಥವಾ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿದ್ದರೆ, ಮನೆಯವರು ಕೇಳುವ ಮೊದಲೇ ಅದನ್ನು ತಿಳಿಸಬೇಕು. ಅಂತಹವರಿಗೆ ಈ ಚುಚ್ಚುಮದ್ದು ಅಪಾಯಕಾರಿಯಾಗಬಹುದು.

ಆಸ್ಪತ್ರೆಯಲ್ಲಿ ಶುಶ್ರೂಷೆ: ರೋಗಿಯು ಬಂದ 10 ನಿಮಿಷಗಳೊಳಗೆ ಇ.ಸಿ.ಜಿ. ತೆಗೆಯುವುದು, ರಕ್ತನಾಳಕ್ಕೆ ಸೂಜಿ ಅಳವಡಿಸುವುದು, ರಕ್ತದಲ್ಲಿನ ಆಮ್ಲಜನಕವನ್ನು ಅಳೆದು ಅದು ಕಡಿಮೆ ಇದ್ದಲ್ಲಿ ಆಮ್ಲಜನಕ ನೀಡುವುದು ಶುಶ್ರೂಷಾಧಿಕಾರಿಗಳ ಮೊದಲ ಕರ್ತವ್ಯಗಳಾಗಿವೆ. ಚುಚ್ಚುಮದ್ದು ನೀಡಿದ ನಂತರ ವಸಡು, ಮೂತ್ರ, ಸೂಜಿ ಚುಚ್ಚಿದ ಸ್ಥಳಗಳಲ್ಲಿ ರಕ್ತಸ್ರಾವವಾಗುತ್ತಿದೆಯೇ, ಮಾತು ತೊದಲುತ್ತಿದೆಯೇ ಎಂಬುದನ್ನು ಗಮನಿಸುತ್ತಿರಬೇಕಾಗುತ್ತದೆ. ಸ್ಟೆಂಟ್ ಅಳವಡಿಸಿದ ನಂತರ ಮಣಿಕಟ್ಟು ಅಥವಾ ತೊಡೆಸಂದಿಯಲ್ಲಿ ರಕ್ತ ಜಿನುಗದಂತೆಯೂ, ಆ ಕೈ ಅಥವಾ ಕಾಲು ತಣ್ಣಗಾಗದಂತೆಯೂ ನಿಗಾ ವಹಿಸಲಾಗುತ್ತದೆ. ಮೊದಲ ದಿನಗಳಲ್ಲಿ ಮಲವಿಸರ್ಜನೆಗೆ ಮುಕ್ಕುವುದರಿಂದ ಹೃದಯದ ಮೇಲೆ ಒತ್ತಡ ಬೀಳುವುದರಿಂದ ಮಲಬದ್ಧತೆಯಾಗದಂತೆ ನೋಡಿಕೊಳ್ಳಲಾಗುತ್ತದೆ.

ಸಂದರ್ಶಕರ ಸಂಖ್ಯೆಯನ್ನು ಮಿತಿಗೊಳಿಸುವುದು ಚಿಕಿತ್ಸೆಯ ಭಾಗವೇ ಆಗಿದೆ. ಬಂಧುಗಳು ಇದನ್ನು ಅಗೌರವವೆಂದು ಭಾವಿಸಬಾರದು. ರೋಗಿಯ ಮುಂದೆ ಖರ್ಚಿನ ಚಿಂತೆ, ಜಮೀನಿನ ವ್ಯವಹಾರ, ಸಾಲದ ವಿಷಯಗಳನ್ನು ಪ್ರಸ್ತಾಪಿಸದೆ ಇರುವುದು ಒಳಿತು.

ಮನೆಗೆ ಮರಳಿದ ನಂತರ: ಸ್ಟೆಂಟ್ ಅಳವಡಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷದವರೆಗೆ ನೀಡಲಾಗುತ್ತದೆ. ಇವನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಮತ್ತೊಂದು ಹೃದಯಾಘಾತ ಸಂಭವಿಸಬಹುದು. ಹಲ್ಲು ಕೀಳಿಸುವ ಸಂದರ್ಭದಲ್ಲಿಯೂ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸತಕ್ಕದ್ದಲ್ಲ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಮುಂದಿನ ತಿಂಗಳ ಮಾತ್ರೆಗಳನ್ನು ಪಡೆದುಕೊಳ್ಳಬೇಕು. ನಡಿಗೆಯನ್ನು ಮನೆಯ ಅಂಗಳದಿಂದ ಆರಂಭಿಸಿ, ವೈದ್ಯರ ಸಲಹೆಯಂತೆ ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಎದೆಯ ಮೂಳೆಯನ್ನು ತೆರೆದು ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮೂಳೆ ಕೂಡುವವರೆಗೆ, ಸಾಮಾನ್ಯವಾಗಿ 2ರಿಂದ 3 ತಿಂಗಳು, ನೀರಿನ ಕೊಡ, ಮೇವಿನ ಹೊರೆ, ಗೊಬ್ಬರದ ಚೀಲ ಮುಂತಾದ ಭಾರವನ್ನು ಎತ್ತಬಾರದು. ಬಾವಿಯಿಂದ ನೀರು ಸೇದಬಾರದು.

4. ಹೃದಯ ವೈಫಲ್ಯ

ಈ ಹೆಸರು ಭಯ ಹುಟ್ಟಿಸುವಂತಿದ್ದರೂ, ಹೃದಯವು ನಿಂತುಹೋಗಿದೆ ಎಂಬುದು ಇದರ ಅರ್ಥವಲ್ಲ. ಹೃದಯದ ಶಕ್ತಿ ಕುಂದಿ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪು ಮಾಡಲಾಗುತ್ತಿಲ್ಲ ಎಂಬುದೇ ಇದರ ಅರ್ಥ. ಇದರಿಂದ ನೀರು ಶ್ವಾಸಕೋಶ, ಕಾಲು ಮತ್ತು ಹೊಟ್ಟೆಯಲ್ಲಿ ಸಂಗ್ರಹವಾಗುತ್ತದೆ. ಹಳೆಯ ಹೃದಯಾಘಾತ, ಹತೋಟಿಯಲ್ಲಿರದ ರಕ್ತದೊತ್ತಡ, ಕವಾಟದ ತೊಂದರೆ ಮತ್ತು ಅತಿಯಾದ ಮದ್ಯಪಾನ ಇದಕ್ಕೆ ಕಾರಣಗಳಾಗಬಹುದು.

ಈ ಕಾಯಿಲೆಯಲ್ಲಿ ಮನೆಯ ಶುಶ್ರೂಷೆಯ ಅತ್ಯಂತ ಉಪಯುಕ್ತ ಸಾಧನವೆಂದರೆ ತೂಕದ ಯಂತ್ರ. ಪ್ರತಿದಿನ ಬೆಳಗ್ಗೆ ಮೂತ್ರ ವಿಸರ್ಜನೆಯ ನಂತರ, ಉಪಾಹಾರಕ್ಕೆ ಮೊದಲು, ಒಂದೇ ಬಗೆಯ ಉಡುಪಿನಲ್ಲಿ ತೂಕ ನೋಡಿ ಬರೆದಿಡಬೇಕು. ಮೂರು ದಿನಗಳಲ್ಲಿ 2 ಕಿಲೋಗ್ರಾಂಗಿಂತ ಹೆಚ್ಚು ತೂಕ ಏರಿದರೆ ಅದು ಮೈ ಹತ್ತಿದ್ದಲ್ಲ, ನೀರು ನಿಂತಿದ್ದು. ಉಸಿರುಕಟ್ಟುವ ಮೊದಲೇ ಈ ಸೂಚನೆಯನ್ನು ಗುರುತಿಸಿ ವೈದ್ಯರನ್ನು ಕಂಡರೆ, ಆಸ್ಪತ್ರೆಗೆ ದಾಖಲಾಗುವುದನ್ನು ಬಹಳಷ್ಟು ಬಾರಿ ತಪ್ಪಿಸಬಹುದು.

• ಮಲಗುವಾಗ ಎರಡು-ಮೂರು ದಿಂಬುಗಳಿಂದ ತಲೆ ಮತ್ತು ಎದೆಯ ಭಾಗವನ್ನು ಎತ್ತರಿಸಬೇಕು. ಹೆಚ್ಚು ದಿಂಬುಗಳು ಬೇಕಾಗುತ್ತಿದ್ದರೆ ಅಥವಾ ರಾತ್ರಿ ಉಸಿರುಗಟ್ಟಿ ಎಚ್ಚರವಾಗುತ್ತಿದ್ದರೆ ಅದು ಕಾಯಿಲೆ ಉಲ್ಬಣಿಸಿದ ಲಕ್ಷಣ.
• ನೀರು, ಮಜ್ಜಿಗೆ, ಸಾರು, ಗಂಜಿ, ಕಾಫಿ ಎಲ್ಲವನ್ನೂ ಸೇರಿಸಿ ವೈದ್ಯರು ಸೂಚಿಸಿದ ಪ್ರಮಾಣವನ್ನು ಮೀರಬಾರದು.
• ಮೂತ್ರ ಹೆಚ್ಚಿಸುವ ಮಾತ್ರೆಯನ್ನು ದಿನಕ್ಕೊಮ್ಮೆ ಸೂಚಿಸಿದ್ದಲ್ಲಿ ಬೆಳಗಿನ ಹೊತ್ತು ಸೇವಿಸಬೇಕು. ರಾತ್ರಿ ಸೇವಿಸಿದರೆ ಪದೇ ಪದೇ ಏಳಬೇಕಾಗಿ, ಕತ್ತಲಲ್ಲಿ ಬೀಳುವ ಸಂಭವವಿರುತ್ತದೆ.
• ಮಂಡಿನೋವು, ಸೊಂಟನೋವಿಗೆ ಔಷಧ ಅಂಗಡಿಯಲ್ಲಿ ನೇರವಾಗಿ ನೋವಿನ ಮಾತ್ರೆ ಕೊಂಡು ಸೇವಿಸಬಾರದು. ಅವುಗಳಲ್ಲಿ ಹಲವು ದೇಹದಲ್ಲಿ ನೀರು ನಿಲ್ಲುವಂತೆ ಮಾಡುತ್ತವೆ.
• ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಿ, ಸೊಂಟ ಮತ್ತು ಹಿಮ್ಮಡಿಯ ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು.

5. ರುಮ್ಯಾಟಿಕ್ ಜ್ವರ ಮತ್ತು ಕವಾಟದ ಕಾಯಿಲೆ

5ರಿಂದ 15 ವರ್ಷದ ಮಕ್ಕಳಲ್ಲಿ ಒಂದು ಬಗೆಯ ಸೂಕ್ಷ್ಮಾಣುವಿನಿಂದ ಗಂಟಲುನೋವು ಬಂದು, ಸೂಕ್ತ ಚಿಕಿತ್ಸೆ ದೊರೆಯದಿದ್ದಲ್ಲಿ, ಕೆಲವು ವಾರಗಳ ನಂತರ ಜ್ವರದೊಂದಿಗೆ ದೊಡ್ಡ ಕೀಲುಗಳಲ್ಲಿ ಊತ ಕಾಣಿಸಿಕೊಳ್ಳಬಹುದು. ನೋವು ಒಂದು ಕೀಲಿನಿಂದ ಮತ್ತೊಂದಕ್ಕೆ ಸರಿಯುತ್ತದೆ. ಕೀಲುನೋವು ವಾಸಿಯಾದರೂ ಹೃದಯದ ಕವಾಟಗಳಿಗೆ ಶಾಶ್ವತ ಹಾನಿಯಾಗುವ ಸಂಭವವಿದೆ. ಇಕ್ಕಟ್ಟಾದ, ಗಾಳಿ ಬೆಳಕಿಲ್ಲದ ವಸತಿಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಅನೇಕ ಹೆಣ್ಣುಮಕ್ಕಳಲ್ಲಿ ಮೊದಲ ಗರ್ಭಧಾರಣೆಯ ವೇಳೆ ಉಸಿರಾಟದ ತೊಂದರೆ ಬಂದಾಗಲೇ ಕಾಯಿಲೆ ಪತ್ತೆಯಾಗುತ್ತದೆ.

ಒಮ್ಮೆ ಈ ಜ್ವರ ಬಂದವರಿಗೆ ಮತ್ತೆ ಬಾರದಂತೆ ಪ್ರತಿ 3 ಅಥವಾ 4 ವಾರಗಳಿಗೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ನೀಡಲಾಗುತ್ತದೆ. ಇದನ್ನು ಹಲವು ವರ್ಷಗಳವರೆಗೆ, ಕೆಲವರಿಗೆ 40 ವರ್ಷ ವಯಸ್ಸಿನವರೆಗೆ ಮುಂದುವರಿಸಬೇಕಾಗುತ್ತದೆ. ಚುಚ್ಚುಮದ್ದು ನೋವಿನದಾದುದರಿಂದ ಮಕ್ಕಳು ತಪ್ಪಿಸಿಕೊಳ್ಳಲು ಯತ್ನಿಸುವುದು ಸಾಮಾನ್ಯ. ಪೋಷಕರು ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಜಾತ್ರೆ, ಮದುವೆ, ಪರೀಕ್ಷೆಗಳ ಕಾರಣದಿಂದ ತಪ್ಪದಂತೆ ನೋಡಿಕೊಳ್ಳಬೇಕು. ಯಾವುದೇ ಔಷಧಿಯಿಂದ ಹಿಂದೆ ಅಲರ್ಜಿಯಾಗಿದ್ದಲ್ಲಿ ಚುಚ್ಚುಮದ್ದಿಗೆ ಮೊದಲೇ ತಿಳಿಸತಕ್ಕದ್ದು.

ಲೋಹದ ಕವಾಟ ಅಳವಡಿಸಿಕೊಂಡವರು ಜೀವನಪರ್ಯಂತ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸಬೇಕಾಗುತ್ತದೆ. ಪ್ರಮಾಣ ಕಡಿಮೆಯಾದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ರಕ್ತಸ್ರಾವವಾಗುತ್ತದೆ. ಆದ್ದರಿಂದ ವೈದ್ಯರು ಸೂಚಿಸಿದ ದಿನಗಳಂದು ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಸೊಪ್ಪು ತಿನ್ನುವುದನ್ನು ಬಿಡಬೇಕಾಗಿಲ್ಲ. ಆದರೆ ಒಂದು ವಾರ ಹೇರಳವಾಗಿ ತಿಂದು ಇನ್ನೊಂದು ವಾರ ಪೂರ್ಣ ಬಿಡದೆ, ಪ್ರಮಾಣವನ್ನು ಒಂದೇ ಸಮನಾಗಿ ಇಟ್ಟುಕೊಳ್ಳಬೇಕು. ಮಹಿಳೆಯರು ಗರ್ಭಧಾರಣೆಗೆ ಮೊದಲೇ ಹೃದ್ರೋಗ ತಜ್ಞರನ್ನು ಕಾಣುವುದು ಅತ್ಯವಶ್ಯ.

6. ರಕ್ತನಾಳಗಳ ಕಾಯಿಲೆಗಳು

ಪಾರ್ಶ್ವವಾಯು (ಲಕ್ವ): ಮೆದುಳಿನ ರಕ್ತನಾಳ ಮುಚ್ಚಿಕೊಂಡಾಗ ಅಥವಾ ಒಡೆದಾಗ ಇದು ಸಂಭವಿಸುತ್ತದೆ. ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಮುಖ್ಯ ಲಕ್ಷಣಗಳು. ನಾಳ ಮುಚ್ಚಿಕೊಂಡಿದ್ದಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕಾಗಿರುವುದರಿಂದ, ಮೊದಲು ನಾಟಿ ಔಷಧಿ ಹಾಕಿಸಿ ನಂತರ ಆಸ್ಪತ್ರೆಗೆ ಹೋಗುವ ಕ್ರಮವನ್ನು ಕೈಬಿಡಬೇಕು. ರೋಗಿಗೆ ನುಂಗಲು ಕಷ್ಟವಾಗುವ ಸಂಭವವಿರುವುದರಿಂದ ಬಾಯಿಗೆ ನೀರು, ಆಹಾರ, ಮಾತ್ರೆ ಏನನ್ನೂ ಹಾಕಬಾರದು. ಆಸ್ಪಿರಿನ್ ಸಹ ನೀಡಬಾರದು.

ಕಾಲಿನ ಅಪಧಮನಿ ಕಿರಿದಾಗುವುದು: ಸ್ವಲ್ಪ ದೂರ ನಡೆದರೆ ಮೀನಖಂಡದಲ್ಲಿ ಹಿಡಿದಂತೆ ನೋವು ಬಂದು, ನಿಂತರೆ ಕಡಿಮೆಯಾಗುತ್ತದೆ. ಪಾದ ತಣ್ಣಗಿರುತ್ತದೆ, ಗಾಯ ಬೇಗ ಮಾಯುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಮತ್ತು ಮಧುಮೇಹಿಗಳಲ್ಲಿ ಇದು ಹೆಚ್ಚು. ತಂಬಾಕು ಬಿಡದೆ ಈ ಕಾಯಿಲೆಗೆ ಯಾವ ಚಿಕಿತ್ಸೆಯೂ ಪೂರ್ಣ ಫಲ ನೀಡದು.

ಅಭಿಧಮನಿ ಉಬ್ಬುವುದು: ಹೋಟೆಲ್ ಕಾರ್ಮಿಕರು, ಸಂಚಾರ ಪೊಲೀಸರು, ಶಿಕ್ಷಕರು ಮುಂತಾಗಿ ದೀರ್ಘಕಾಲ ನಿಂತು ಕೆಲಸ ಮಾಡುವವರ ಕಾಲಿನಲ್ಲಿ ನೀಲಿ ನಾಳಗಳು ಹಾವಿನಂತೆ ಸುರುಳಿಯಾಗಿ ಉಬ್ಬಿ ಕಾಣುತ್ತವೆ. ಸಂಜೆಯ ವೇಳೆಗೆ ಕಾಲು ಭಾರವಾಗುತ್ತದೆ. ನಿರ್ಲಕ್ಷಿಸಿದಲ್ಲಿ ಹಿಮ್ಮಡಿಯ ಮೇಲ್ಭಾಗದಲ್ಲಿ ಹುಣ್ಣಾಗಬಹುದು.

ಈ ಎರಡು ಕಾಯಿಲೆಗಳ ಶುಶ್ರೂಷೆ ಪರಸ್ಪರ ವಿರುದ್ಧವಾದುದು ಎಂಬುದನ್ನು ಗಮನಿಸಬೇಕು. ಅಭಿಧಮನಿ ಉಬ್ಬಿದವರು ಕಾಲನ್ನು ಹೃದಯಕ್ಕಿಂತ ಎತ್ತರದಲ್ಲಿ ಇರಿಸಿ ವಿಶ್ರಾಂತಿ ಪಡೆಯಬೇಕು ಮತ್ತು ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಬಿಗಿ ಕಾಲುಚೀಲ ಧರಿಸಬೇಕು. ಅಪಧಮನಿ ಕಿರಿದಾದವರು ಕಾಲನ್ನು ಎತ್ತರಿಸಬಾರದು, ವೈದ್ಯರ ಸಲಹೆಯಿಲ್ಲದೆ ಬಿಗಿ ಕಾಲುಚೀಲ ಧರಿಸಬಾರದು, ಬಿಸಿನೀರಿನ ಶಾಖ ಕೊಡಬಾರದು ಹಾಗೂ ಬರಿಗಾಲಿನಲ್ಲಿ ನಡೆಯಬಾರದು.

ಆಳದ ಅಭಿಧಮನಿಯಲ್ಲಿ ಹೆಪ್ಪು: ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ದೀರ್ಘಕಾಲ ಮಲಗಿದ ನಂತರ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯತೊಡಗಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಂತಹ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬಾರದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹರಿದರೆ ಪ್ರಾಣಾಪಾಯ ಸಂಭವಿಸುತ್ತದೆ.

7. ಮನೆಯಲ್ಲಿ ಶುಶ್ರೂಷೆ ಮಾಡುವವರಿಗೆ ಸೂಚನೆಗಳು

• ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ರಕ್ತದೊತ್ತಡ, ನಾಡಿ ಬಡಿತ, ತೂಕ, ಸೇವಿಸಿದ ಮಾತ್ರೆಗಳನ್ನು ಬರೆದಿಟ್ಟು, ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸಬೇಕು.
• ಓದಲು ಬಾರದ ಹಿರಿಯರಿಗೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿಯ ಮಾತ್ರೆಗಳನ್ನು ಬೇರೆ ಬೇರೆ ಬಣ್ಣದ ಡಬ್ಬಿಗಳಲ್ಲಿ ಇಟ್ಟುಕೊಡಬಹುದು.
• ಆಸ್ಪತ್ರೆಯ ಬಿಡುಗಡೆ ಪತ್ರ, ಹಳೆಯ ಇ.ಸಿ.ಜಿ. ಮತ್ತು ಮಾತ್ರೆಗಳ ಚೀಟಿಯನ್ನು ಒಂದೇ ಕಡೆ ಇಟ್ಟಿರಬೇಕು. ತುರ್ತು ಸಂದರ್ಭದಲ್ಲಿ ಹಳೆಯ ಇ.ಸಿ.ಜಿ. ಬಹಳ ಉಪಯುಕ್ತ.
• ಉಪವಾಸ, ವ್ರತ, ರಂಜಾನ್ ಅಥವಾ ಯಾತ್ರೆಯ ಮೊದಲು ಮಾತ್ರೆಗಳ ಸಮಯವನ್ನು ಹೊಂದಿಸಿಕೊಳ್ಳಲು ವೈದ್ಯರನ್ನು ಕೇಳಬೇಕು.
• ಹೃದಯಾಘಾತದ ನಂತರ ಅನೇಕರಲ್ಲಿ ಭಯ, ಖಿನ್ನತೆ ಕಾಣಿಸಿಕೊಳ್ಳುತ್ತದೆ. ರೋಗಿಯು ಸುಮ್ಮನೆ ಕುಳಿತಿರುವುದನ್ನು ಸೋಮಾರಿತನವೆಂದು ಹೀಯಾಳಿಸದೆ, ವೈದ್ಯರ ಗಮನಕ್ಕೆ ತರಬೇಕು.
• ಆರೈಕೆಯ ಭಾರ ಮನೆಯ ಒಬ್ಬ ಮಹಿಳೆಯ ಮೇಲೆಯೇ ಬೀಳದಂತೆ ಹಂಚಿಕೊಳ್ಳುವುದು ಅಗತ್ಯ. ಆಕೆಯ ರಕ್ತದೊತ್ತಡವನ್ನೂ ಪರೀಕ್ಷಿಸಿರಬೇಕು.

8. ಲಭ್ಯವಿರುವ ಸರ್ಕಾರಿ ಸೌಲಭ್ಯಗಳು

(1) ಉಚಿತ ತಪಾಸಣೆ ಮತ್ತು ಮಾತ್ರೆಗಳು: 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು 2023ರಿಂದ ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಇದರಡಿ 30 ವರ್ಷ ಮೇಲ್ಪಟ್ಟವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ರಕ್ತದೊತ್ತಡ ಮತ್ತು ಮಧುಮೇಹ ತಪಾಸಣೆ ಮಾಡಲಾಗುತ್ತದೆ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಗೊಂಡ ಗೃಹ ಆರೋಗ್ಯ ಯೋಜನೆಯಡಿ ಸಿಬ್ಬಂದಿಯು ಮನೆಗೇ ಬಂದು ತಪಾಸಣೆ ನಡೆಸುತ್ತಾರೆ.

(2) ತುರ್ತು ಸೇವೆ: 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆಯು ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಈ ಸೇವೆ ಉಚಿತವಾಗಿದ್ದು, ಯಾವುದೇ ಕಾರ್ಡಿನ ಅಗತ್ಯವಿರುವುದಿಲ್ಲ.

(3) ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ: ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಹೃದಯ ಸಂಬಂಧಿ ತೊಂದರೆಯಿಂದ ನಿಧನರಾದರು. ಅವರ ಸ್ಮರಣೆಯಲ್ಲಿ 2023ರಲ್ಲಿ ಈ ಯೋಜನೆಯನ್ನು ಘೋಷಿಸಲಾಯಿತು. ಎದೆನೋವಿನಿಂದ ತಾಲ್ಲೂಕು ಆಸ್ಪತ್ರೆಗೆ ಬಂದವರ ಇ.ಸಿ.ಜಿ.ಯನ್ನು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸಿ, ಹೃದಯಾಘಾತವೆಂದು ದೃಢಪಟ್ಟಲ್ಲಿ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಿ, ನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಆದುದರಿಂದ ಎದೆನೋವು ಬಂದಾಗ ದೂರದ ನಗರಕ್ಕೆ ನೇರವಾಗಿ ಪ್ರಯಾಣ ಬೆಳೆಸದೆ, ಈ ಸೌಲಭ್ಯವಿರುವ ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಮೊದಲು ತಲುಪುವುದು ಸೂಕ್ತ.

(4) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: 2018ರಿಂದ ಜಾರಿಯಲ್ಲಿರುವ ಈ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನುಷ್ಠಾನಗೊಳಿಸುತ್ತಿದೆ. ಅರ್ಹ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಗೊಳಪಟ್ಟು, ಭರಿಸಲಾಗುತ್ತದೆ. ಆಂಜಿಯೋಪ್ಲಾಸ್ಟಿ, ಬೈಪಾಸ್ ಮತ್ತು ಕವಾಟ ಶಸ್ತ್ರಚಿಕಿತ್ಸೆಗಳು ಇದರಲ್ಲಿ ಸೇರಿವೆ.

(5) ಮಕ್ಕಳ ಹೃದಯ ದೋಷಗಳು: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ಮಾಡಿ, ಜನ್ಮಜಾತ ಹಾಗೂ ರುಮ್ಯಾಟಿಕ್ ಹೃದ್ರೋಗ ಕಂಡುಬಂದಲ್ಲಿ ಚಿಕಿತ್ಸೆಗೆ ಕಳುಹಿಸಲಾಗುತ್ತದೆ. ಹಾಲು ಕುಡಿಯುವಾಗ ಬೆವರುವ, ತೂಕ ಏರದ, ಅಳುವಾಗ ತುಟಿ ನೀಲಿಯಾಗುವ ಶಿಶುಗಳನ್ನು ತಂಡದ ಭೇಟಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಯಲ್ಲಿ ತೋರಿಸಬೇಕು.

9. ಸೌಲಭ್ಯ ಪಡೆಯುವ ವಿಧಾನ

• ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿಯೊಂದಿಗೆ ಹತ್ತಿರದ ಸೇವಾ ಕೇಂದ್ರ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯ ಕಾರ್ಡಿಗೆ ನೋಂದಾಯಿಸಿಕೊಳ್ಳಬೇಕು. ಕಾಯಿಲೆ ಬರುವ ಮೊದಲೇ ಇದನ್ನು ಮಾಡಿಸಿಟ್ಟುಕೊಳ್ಳುವುದು ಒಳಿತು.
• ಪಡಿತರ ಚೀಟಿ ಮತ್ತು ಆಧಾರ್‌ನಲ್ಲಿ ಹೆಸರು, ಜನ್ಮದಿನಾಂಕ ಒಂದೇ ರೀತಿ ಇದೆಯೇ ಎಂದು ಪರಿಶೀಲಿಸಿ, ವ್ಯತ್ಯಾಸವಿದ್ದಲ್ಲಿ ಮುಂಚಿತವಾಗಿ ಸರಿಪಡಿಸಿಕೊಳ್ಳಬೇಕು.
• ಯೋಜಿತ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ಶಿಫಾರಸು ಪತ್ರ ಪಡೆದು, ನೋಂದಾಯಿತ ಆಸ್ಪತ್ರೆಗೆ ಹೋಗಬಹುದು.
• ಹೃದಯಾಘಾತದಂತಹ ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರವಿಲ್ಲದೆಯೂ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ದಾಖಲಾಗಬಹುದು. ದಾಖಲೆಗಳನ್ನು ಹುಡುಕುವ ಸಲುವಾಗಿ ರೋಗಿಯನ್ನು ಮನೆಯಲ್ಲಿ ಕಾಯಿಸಬಾರದು. ಅವುಗಳನ್ನು ನಂತರ ತಂದೊಪ್ಪಿಸಬಹುದು.
• ನೋಂದಾಯಿತ ಆಸ್ಪತ್ರೆಗಳಲ್ಲಿರುವ ಆರೋಗ್ಯ ಮಿತ್ರರು ಅರ್ಜಿ ಮತ್ತು ಅನುಮೋದನೆಯ ಕಾರ್ಯದಲ್ಲಿ ನೆರವಾಗುತ್ತಾರೆ. ಹೆಚ್ಚಿನ ಮಾಹಿತಿಗೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇ.ಸಿ.ಜಿ. ಸಾಮಾನ್ಯವಾಗಿದೆ ಎಂದರೆ ಹೃದಯಕ್ಕೆ ತೊಂದರೆ ಇಲ್ಲವೆಂದು ತಿಳಿಯಬಹುದೇ?
ಉತ್ತರ: ಇಲ್ಲ. ಇ.ಸಿ.ಜಿ.ಯು ಆ ಕ್ಷಣದ ಸ್ಥಿತಿಯನ್ನು ಮಾತ್ರ ತೋರಿಸುತ್ತದೆ. ಎದೆನೋವು ಮುಂದುವರಿದಲ್ಲಿ ಅದನ್ನು ಮತ್ತೆ ಮತ್ತೆ ತೆಗೆಯಬೇಕಾಗುತ್ತದೆ ಮತ್ತು ರಕ್ತಪರೀಕ್ಷೆಯೂ ಬೇಕಾಗಬಹುದು.

ಪ್ರಶ್ನೆ: ಬೆಳಗಿನ ಮಾತ್ರೆ ಮರೆತಲ್ಲಿ ರಾತ್ರಿ ಎರಡು ಸೇವಿಸಬಹುದೇ?
ಉತ್ತರ: ಸೇವಿಸಬಾರದು. ನೆನಪಾದ ಕೂಡಲೇ ಒಂದು ಮಾತ್ರೆ ಸೇವಿಸಬೇಕು. ಮುಂದಿನ ಮಾತ್ರೆಯ ಸಮಯ ಹತ್ತಿರವಾಗಿದ್ದಲ್ಲಿ ಮರೆತದ್ದನ್ನು ಬಿಟ್ಟು, ಮುಂದಿನದನ್ನು ಮಾತ್ರ ಸೇವಿಸಬೇಕು.

ಪ್ರಶ್ನೆ: ಸ್ಟೆಂಟ್ ಹಾಕಿಸಿದ ನಂತರ ಕಾಯಿಲೆ ಪೂರ್ಣ ವಾಸಿಯಾದಂತೆಯೇ?
ಉತ್ತರ: ಸ್ಟೆಂಟ್ ಒಂದು ಸ್ಥಳದ ಅಡಚಣೆಯನ್ನು ಮಾತ್ರ ನಿವಾರಿಸುತ್ತದೆ. ರಕ್ತದೊತ್ತಡ, ಮಧುಮೇಹ, ಕೊಬ್ಬಿನಂಶ ಮತ್ತು ತಂಬಾಕು ಹತೋಟಿಗೆ ಬಾರದಿದ್ದಲ್ಲಿ ಬೇರೆ ಸ್ಥಳದಲ್ಲಿ ಅಡಚಣೆ ಉಂಟಾಗುತ್ತದೆ.

ವಿಶೇಷ ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇರುತ್ತವೆ. ಔಷಧಿಗಳ ಆಯ್ಕೆ ಮತ್ತು ಪ್ರಮಾಣವನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಯೋಜನೆಗಳ ಸೌಲಭ್ಯವು ಆಯಾ ಕಾಲದ ಸರ್ಕಾರಿ ಆದೇಶಗಳ ಷರತ್ತುಗಳಿಗೆ ಒಳಪಟ್ಟಿರುತ್ತದೆ.